ಘಾಟಿ ಸಂಖ್ಯೆಗಳು: ಅಂಕಿಗಳಿಂದ ನಿಮ್ಮದೇ ಶ್ರೇಣಿ ಕಟ್ಟುವ ಬಗೆ

ಮಳೆಗಾಲದಲ್ಲಿ ನಮ್ಮ ಜಿಲ್ಲೆಯವರು ಬೆಳಗ್ಗೆ ಪೇಪರ್ ಕೈಗೆತ್ತಿಕೊಂಡರೆ ಮೊದಲು ಹುಡುಕುವುದು ಡ್ಯಾಮಿನ ಮಟ್ಟ. ಲಿಂಗನಮಕ್ಕಿ ತುಂಬಿದರೆ 1819 ಅಡಿ, ಭದ್ರೆ ತುಂಬಿದರೆ 186 ಅಡಿ. ಈ ಎರಡು ಸಂಖ್ಯೆ ಇಲ್ಲಿನ ಮಕ್ಕಳಿಗೂ ಬಾಯಿಪಾಠ. ನಾನು ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕರೆಂಟು ಹೋಗಿ, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಪಾಠವೇ ಕೇಳಿಸದ ಮಧ್ಯಾಹ್ನಗಳಲ್ಲಿ ಬೋರ್ಡಿನ ಮೇಲೆ ದೊಡ್ಡದಾಗಿ 1819 ಎಂದು ಬರೆದು, ಇದರ ಅಂಕಿಗಳನ್ನು ಏನೇನು ಮಾಡಬಹುದು ನೋಡಿ ಎಂದು ಮಕ್ಕಳಿಗೆ ಬಿಟ್ಟುಬಿಡುತ್ತೇನೆ. ಕೆಲವರು ಕೂಡಿಸುತ್ತಾರೆ, ಕೆಲವರು ತಿರುಗಿಸಿ ಬರೆಯುತ್ತಾರೆ, ಕೆಲವರು ಒಂದೊಂದು ಅಂಕಿಯನ್ನೂ ವರ್ಗ ಮಾಡುತ್ತಾರೆ. ಹಾಗೆ ಶುರುವಾದದ್ದು ಈಗ ನಾಲ್ಕೈದು ನೋಟ್‌ಬುಕ್ ತುಂಬಿದೆ.

ಸಂಖ್ಯೆಯ ಅಂಕಿಗಳಿಗೆ ಒಂದು ನಿಯಮ ಹಾಕಿ, ಆ ನಿಯಮಕ್ಕೆ ಒಗ್ಗುವ ಸಂಖ್ಯೆಗಳನ್ನಷ್ಟೇ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದರೆ ಒಂದು ಶ್ರೇಣಿ ಸಿಗುತ್ತದೆ. ಅದನ್ನು ಕೈಯಾರೆ ಕಟ್ಟುವುದು, ಕಟ್ಟಿದ್ದು ಸರಿಯಿದೆಯೇ ಎಂದು ನೋಡುವುದು, ಆಮೇಲೆ ಅದರ ಒಳಕ್ಕೆ ಇಳಿಯುವುದು ಹೇಗೆ ಎಂದು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಕೂಡುವುದು, ಭಾಗಿಸುವುದು ಬಂದರೆ ಸಾಕು. ಬೇಕಾದ ಸಾಮಾನು ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಜೊತೆಗೆ ಲೆಕ್ಕಕ್ಕೆ ಕೂರಲು ಇನ್ನೊಬ್ಬರು. ಆ ಇನ್ನೊಬ್ಬರು ಬೇಕೇಬೇಕು.

ಮೊದಲು ಹಳೆಯ ನಿಯಮದಲ್ಲಿ ಕೈ ಪಳಗಲಿ

ಮೊದಲ ದಿನವೇ ಹೊಸ ನಿಯಮ ಕಟ್ಟಲು ಹೋಗಬೇಡಿ. ಹರ್ಷದ ಸಂಖ್ಯೆಗಳಿಂದ ಶುರುಮಾಡಿ. ಈ ಹೆಸರು ಕೊಟ್ಟವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 1905ರಲ್ಲಿ ಹುಟ್ಟಿ, 1930ರಿಂದ 1962ರವರೆಗೆ ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಸ್ನಾತಕೋತ್ತರ ಪದವಿ ಇರಲಿಲ್ಲ, ವಿಶ್ವವಿದ್ಯಾಲಯದ ಕೆಲಸ ಇರಲಿಲ್ಲ. ಆದರೂ ಅಂಕಿಗಳ ಗುಣ ಹುಡುಕುವುದರಲ್ಲಿ ಅವರ ಹೆಸರು ಇಡೀ ಜಗತ್ತಿಗೆ ಗೊತ್ತು. ಹಳ್ಳಿಯ ಶಾಲೆಗಳಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಅವರ ಮೇಲೆ ವಿಶೇಷ ಪ್ರೀತಿ.

ನಿಯಮ ಇಷ್ಟೇ: ಅಂಕಿಗಳನ್ನು ಕೂಡಿಸಿ. ಆ ಮೊತ್ತದಿಂದ ಸಂಖ್ಯೆ ಶೇಷವಿಲ್ಲದೆ ಭಾಗವಾದರೆ ಅದು ಹರ್ಷದ. 12ಕ್ಕೆ ಮೊತ್ತ 3, ಭಾಗವಾಗುತ್ತದೆ. 14ಕ್ಕೆ ಮೊತ್ತ 5, ಆಗುವುದಿಲ್ಲ. ರಾಮಾನುಜನ್ ಅವರಿಂದ ಹೆಸರಾದ 1729ಕ್ಕೆ ಮೊತ್ತ 19, ಮತ್ತು 19 × 91 = 1729. ಭಾಗಿಸಿದ ಸಂಖ್ಯೆಯೂ ಭಾಗಲಬ್ಧವೂ ಒಂದನ್ನೊಂದು ತಿರುಗಿಸಿ ಬರೆದಂತಿವೆ.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ಸಂಖ್ಯೆ, ಅಂಕಿಗಳ ಮೊತ್ತ, ಶೇಷ. 1ರಿಂದ 100ರವರೆಗೆ ಒಂದನ್ನೂ ಬಿಡದೆ ತುಂಬಿಸಿ. ಜೊತೆಗಾರರು ತಮ್ಮ ನೋಟ್‌ಬುಕ್ಕಿನಲ್ಲಿ ಬೇರೆಯಾಗಿ ಮಾಡಲಿ, ಒಬ್ಬರದನ್ನು ಒಬ್ಬರು ನೋಡಬಾರದು. ಮುಗಿದ ಮೇಲೆ ಶೇಷ 0 ಇರುವವನ್ನು ಎತ್ತಿ ಬರೆದರೆ ಶ್ರೇಣಿ ಹೀಗೆ ಬರುತ್ತದೆ: 1, 2, 3, 4, 5, 6, 7, 8, 9, 10, 12, 18, 20, 21, 24, 27, 30, 36, 40, 42... ನೂರರವರೆಗೆ ಒಟ್ಟು 33 ಬರಬೇಕು. ನಿಮಗೆ 32 ಬಂದಿದ್ದರೆ ಬಹುಶಃ 100 ಬಿಟ್ಟಿದ್ದೀರಿ. 34 ಬಂದಿದ್ದರೆ ಬಹುಶಃ 99 ಸೇರಿಸಿದ್ದೀರಿ.

ಈ 99 ನನ್ನ ಕ್ಲಾಸಿನಲ್ಲಿ ಪ್ರತಿವರ್ಷ ಒಂದಷ್ಟು ಜನರನ್ನು ಬೀಳಿಸುತ್ತದೆ. ಒಂಬತ್ತರ ಮಗ್ಗಿಯಲ್ಲಿ 9, 18, 27 ಎಂದು 90ರವರೆಗೆ ಹತ್ತೂ ಹರ್ಷದ. ಅಷ್ಟು ನೋಡಿದ ಮೇಲೆ ಒಂಬತ್ತರ ಗುಣಕಗಳೆಲ್ಲ ಹರ್ಷದ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ, ಕೈ ಲೆಕ್ಕ ನಿಲ್ಲಿಸುತ್ತದೆ. ಆದರೆ 99ರ ಮೊತ್ತ 9 ಅಲ್ಲ, 18. ಹದಿನೆಂಟರಿಂದ 99 ಭಾಗವಾಗುವುದಿಲ್ಲ. ಹತ್ತು ಸಲ ನಡೆದದ್ದು ಹನ್ನೊಂದನೇ ಸಲ ನಡೆಯಬೇಕೆಂದಿಲ್ಲ. ಅದಕ್ಕೇ ಇನ್ನೊಬ್ಬರು ಬೇಕು ಎಂದದ್ದು. ಇಬ್ಬರ ಪಟ್ಟಿಯೂ ಹೊಂದದ ಕಡೆಯೇ ತಪ್ಪು ಅಡಗಿರುತ್ತದೆ.

ಸ್ವಲ್ಪ ರಂಜನೆಗೆ ಒಂದು ಕೆಲಸ ಮಾಡಿ. ಬಸ್‌ಸ್ಟ್ಯಾಂಡಿನಲ್ಲಿ ಕಾಯುವಾಗ ವಾಹನಗಳ ನೋಂದಣಿ ಸಂಖ್ಯೆ ನೋಡಿ. ಶಿವಮೊಗ್ಗದ 14, ಸಾಗರದ 15 ಎರಡೂ ಹರ್ಷದ ಅಲ್ಲ. ಚಿಕ್ಕಮಗಳೂರಿನ 18, ಉಡುಪಿಯ 20 ಹರ್ಷದ. ಮಕ್ಕಳು ಇದನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ, ಮತ್ತೆ ಮರೆಯುವುದಿಲ್ಲ.

ಒಂಬತ್ತರ ಕೀಲಿಕೈ

ಪಟ್ಟಿ ಬರೆಯುವುದು ಅರ್ಧ ಕೆಲಸ. ಪಟ್ಟಿ ಹಾಗೇಕೆ ಬಂತು ಎಂದು ಕೇಳುವುದು ಉಳಿದರ್ಧ. ಅಂಕಿಗಳ ಮೊತ್ತ ಎಲ್ಲಿ ಬಂದರೂ ಅದರ ಹಿಂದೆ ಒಂಬತ್ತು ಇರುತ್ತದೆ. 10, 100, 1000 ಯಾವುದನ್ನೇ ಒಂಬತ್ತರಿಂದ ಭಾಗಿಸಿ, ಶೇಷ 1. ಆದ್ದರಿಂದ 1819 ಎಂದರೆ 1 ಸಾವಿರ, 8 ನೂರು, 1 ಹತ್ತು, 9 ಬಿಡಿ. ಒಂಬತ್ತರಿಂದ ಭಾಗಿಸಿದಾಗ ಇದು ಬಿಡುವ ಶೇಷವೂ 1 + 8 + 1 + 9 ಬಿಡುವ ಶೇಷವೂ ಒಂದೇ. ಇಷ್ಟು ಗೊತ್ತಿದ್ದರೆ ಅನೇಕ ಕಡೆ ನೂರು ಲೆಕ್ಕದ ಬದಲು ಮೂರು ಲೆಕ್ಕ ಸಾಕಾಗುತ್ತದೆ.

ಇದನ್ನು ಕಾಪ್ರೇಕರ್ ಅವರದೇ ಇನ್ನೊಂದು ನಿಯಮದಲ್ಲಿ ನೋಡಿ. ಒಂದು ಸಂಖ್ಯೆ ತೆಗೆದುಕೊಂಡು ಅದಕ್ಕೆ ಅದರ ಅಂಕಿಗಳ ಮೊತ್ತವನ್ನು ಸೇರಿಸಿ. 14ರಿಂದ 19 ಹುಟ್ಟುತ್ತದೆ, 19ರಿಂದ 29. ಹುಟ್ಟಿಸಿದ್ದನ್ನು ಜನಕ ಎನ್ನೋಣ. ಹೀಗೆ ಯಾವ ಸಂಖ್ಯೆಯಿಂದಲೂ ಹುಟ್ಟದೆ ಉಳಿಯುವ ಸಂಖ್ಯೆಗಳೂ ಇವೆ. ಕಲ್ಲಿನಿಂದ ತಾನಾಗಿ ಎದ್ದ ಲಿಂಗಕ್ಕೆ ನಾವು ಸ್ವಯಂಭೂ ಎನ್ನುತ್ತೇವಲ್ಲ, ಇವಕ್ಕೂ ಅದೇ ಮಾತು ಸರಿಹೊಂದುತ್ತದೆ.

ಇದನ್ನು ಕೈಯಲ್ಲಿ ಹುಡುಕಲು ಜರಡಿ ಹಿಡಿಯಬೇಕು. 1ರಿಂದ 130ರವರೆಗೆ ಬರೆದಿಟ್ಟುಕೊಳ್ಳಿ. 1ರಿಂದ ಶುರುಮಾಡಿ ಪ್ರತಿಯೊಂದರಿಂದ ಹುಟ್ಟುವ ಸಂಖ್ಯೆಯನ್ನು ಹೊಡೆದುಹಾಕುತ್ತ ಹೋಗಿ. ಹೊಡೆತ ಬೀಳದೆ ಉಳಿಯುವುದು: 1, 3, 5, 7, 9, 20, 31, 42, 53, 64, 75, 86, 97, 108. ಒಂಬತ್ತರಿಂದ ಮುಂದೆ ಎಲ್ಲ ಹನ್ನೊಂದು ಹನ್ನೊಂದರ ಜಿಗಿತ. ಮುಂದಿನದು 119 ಎಂದು ಬರೆಯಲು ಕೈ ತುಡಿಯುತ್ತದೆ. ಬರೆಯಬೇಡಿ. 109ರ ಮೊತ್ತ 10, ಆದ್ದರಿಂದ 109 + 10 = 119, ಅದಕ್ಕೆ ಜನಕ ಇದೆ. 108ರ ನಂತರದ ಸ್ವಯಂಭೂ 110, ಆಮೇಲೆ 121. ನಡಿಗೆ ತಪ್ಪಿದ್ದು ಎಲ್ಲಿ? 99ರ ಮೊತ್ತ 18, ಮರುಹೆಜ್ಜೆಯ 100ರ ಮೊತ್ತ 1. ಮೊತ್ತ ಅಲ್ಲಿ ಜೋಗದ ನೀರಿನಂತೆ ಒಮ್ಮೆಲೇ ಕೆಳಕ್ಕೆ ಬೀಳುತ್ತದೆ. ಆ ಬೀಳಿನ ಪರಿಣಾಮ ನೂರರ ಆಚೆ ಕಾಣಿಸಿಕೊಳ್ಳುತ್ತದೆ.

ಈಗ ಲಿಂಗನಮಕ್ಕಿಗೆ ಬನ್ನಿ. 1819 ಸ್ವಯಂಭೂ ಹೌದೇ ಅಲ್ಲವೇ? ಸಾವಿರದೆಂಟುನೂರು ಸಂಖ್ಯೆಗಳನ್ನು ಜರಡಿ ಹಿಡಿಯಬೇಕಿಲ್ಲ. ಜನಕ ಒಂಬತ್ತರಲ್ಲಿ ಬಿಡುವ ಶೇಷ ಎಷ್ಟೋ ಅದರ ಅಂಕಿಗಳ ಮೊತ್ತದ ಶೇಷವೂ ಅಷ್ಟೇ, ಆದ್ದರಿಂದ ಎರಡೂ ಸೇರಿದಾಗ ಶೇಷ ಇಮ್ಮಡಿಯಾಗುತ್ತದೆ. 1819ರ ಶೇಷ 1. ಇಮ್ಮಡಿಸಿದಾಗ ಶೇಷ 1 ಬರಬೇಕಾದರೆ ಮೂಲ ಶೇಷ 5 ಆಗಿರಲೇಬೇಕು, ಏಕೆಂದರೆ ಐದರ ಇಮ್ಮಡಿ ಹತ್ತು. ಅಂದರೆ ಜನಕದ ಅಂಕಿಗಳ ಮೊತ್ತ 5, 14 ಅಥವಾ 23. ಅದಕ್ಕಿಂತ ಮುಂದಿನದು 32, ಆದರೆ 1819ರ ಒಳಗಿನ ಯಾವ ಸಂಖ್ಯೆಯ ಮೊತ್ತವೂ 27 ದಾಟುವುದಿಲ್ಲ. ಮೂರೇ ಪರೀಕ್ಷೆ. 1819 − 5 = 1814, ಅದರ ಮೊತ್ತ 14, ಹೊಂದಲಿಲ್ಲ. 1819 − 14 = 1805, ಮೊತ್ತ 14, ಹೊಂದಿತು. 1819 − 23 = 1796, ಮೊತ್ತ 23, ಅದೂ ಹೊಂದಿತು!

ಇದನ್ನು ಮೊದಲು ಕೊಟ್ಟ ದಿನ ಒಂದು ಬೆಂಚಿನವರು 1805 ಎಂದರು, ಕಿಟಕಿ ಪಕ್ಕದ ಬೆಂಚಿನವರು 1796 ಎಂದರು, ಇಬ್ಬರೂ ಬಿಟ್ಟುಕೊಡಲಿಲ್ಲ. ಮೂರೂ ಪರೀಕ್ಷೆ ಪೂರಾ ಮಾಡಿದಾಗ ಇಬ್ಬರೂ ಸರಿ ಎಂದು ತಿಳಿಯಿತು. ಎರಡು ಜನಕ ಇರುವ ಅತಿ ಚಿಕ್ಕ ಸಂಖ್ಯೆ 101: ಅದು 91ರಿಂದಲೂ ಹುಟ್ಟುತ್ತದೆ, 100ರಿಂದಲೂ ಹುಟ್ಟುತ್ತದೆ. ಉತ್ತರ ಒಂದು ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬಾರದು ಎಂದು ನಾನು ಬಾಯಲ್ಲಿ ಎಷ್ಟು ಸಲ ಹೇಳಿದ್ದರೂ, ಮಕ್ಕಳ ತಲೆಯಲ್ಲಿ ಅದು ಕೂತದ್ದು 1819ರಿಂದ.

ಕಾಪ್ರೇಕರ್ ಎಂದಮೇಲೆ 6174 ಬಿಡುವಂತಿಲ್ಲ. 1949ರಲ್ಲಿ ಅವರು ಹೇಳಿದ್ದು: ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಏರಿಕೆ ಕ್ರಮದ್ದನ್ನು ಕಳೆಯಿರಿ. ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡಿ. 9811 − 1189 = 8622. ಮುಂದೆ 6354, 3087, 8352, 6174. ಅಲ್ಲಿಂದ ಅಲುಗಾಟವಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಮುಟ್ಟುತ್ತೀರಿ. ಮಾಡುವಾಗ ಎಚ್ಚರ ಬೇಕಾದದ್ದು ಸೊನ್ನೆಯಲ್ಲಿ: 3087ಕ್ಕೆ 8730ರಿಂದ ಕಳೆಯಬೇಕಾದ್ದು 0378. ಮುಂದಿನ ಸೊನ್ನೆಯನ್ನು ಬಿಟ್ಟು ಅಂಕಿ ಎಣಿಸಿದರೆ ದಾರಿ ತಪ್ಪುತ್ತದೆ.

ಈಗ ನಿಮ್ಮದೇ ನಿಯಮ

ಇಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ನಿಯಮ ಹೊಳೆಯುವುದು ಸುಲಭ, ಅದನ್ನು ಬಿಗಿಯಾಗಿ ಬರೆಯುವುದು ಕಷ್ಟ.

ತೀರ್ಥಹಳ್ಳಿಯಿಂದ ಆಗುಂಬೆಯವರೆಗೆ ರಸ್ತೆ ನಿಧಾನಕ್ಕೆ ಏರುತ್ತದೆ. ಆಗುಂಬೆ ದಾಟಿದ್ದೇ ಸೋಮೇಶ್ವರಕ್ಕೆ ಕಡಿದಾದ ಇಳಿಜಾರು. ಅಂಕಿಗಳು ಹೀಗೆ ಏರಿ ಇಳಿಯುವ ಸಂಖ್ಯೆಗಳನ್ನು ಆರಿಸೋಣ, ಘಾಟಿ ಸಂಖ್ಯೆ ಎಂದು ಕರೆಯೋಣ ಎಂದು ಒಂದು ಮಳೆಗಾಲದಲ್ಲಿ ಹೊಳೆಯಿತು. 45691 ಇಂಥದ್ದು: ನಿಧಾನ ಏರು, ಒಮ್ಮೆಗೇ ಇಳಿತ. 'ಅಂಕಿಗಳು ಏರಿ ಇಳಿಯಬೇಕು' ಎಂದಷ್ಟೇ ಬೋರ್ಡಿನ ಮೇಲೆ ಬರೆದೆ. ಐದು ನಿಮಿಷಕ್ಕೆ ಐದು ಬೆಂಚಿನಲ್ಲಿ ಐದು ಬೇರೆ ಬೇರೆ ಪಟ್ಟಿ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, 12 ಏರ್ತದೆ, ಇಳಿಯದೇ ಇಲ್ಲ. ಅದು ಘಾಟಿ ಹ್ಯಾಂಗೆ ಆಗ್ತದೆ?" ಎಂದಳು. ಇನ್ನೊಬ್ಬ, "1221 ತಗೊಳ್ಬೇಕಾ ಬೇಡ್ವಾ ಸಾರ್, ತುದೀಲಿ ಮಟ್ಟಸ ಇದೆ" ಎಂದ. ಮೂರನೆಯವನು 5 ಒಂದನ್ನೇ ಬರೆದುಕೊಂಡು ಕೂತಿದ್ದ. ತಪ್ಪು ನನ್ನದು. ನಿಯಮ ಅರ್ಧ ಹೇಳಿದ್ದೆ.

ಆ ದಿನದಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ನಿಯಮ ಬರೆದ ಕೂಡಲೇ ಈ ಐದು ಕೇಳಿಕೊಳ್ಳಬೇಕು. ಒಂದಂಕಿ ಸಂಖ್ಯೆ ಸೇರುತ್ತದೆಯೇ? ಸೊನ್ನೆ ಸೇರುತ್ತದೆಯೇ? ಅಕ್ಕಪಕ್ಕ ಒಂದೇ ಅಂಕಿ ಬಂದರೆ ಏನು? ಕೊನೆಯಲ್ಲಿ ಸೊನ್ನೆ ಬಂದರೆ ಏನು? ಅಂಚಿನ ಸಂದರ್ಭ, ಅಂದರೆ ಏರು ಮಾತ್ರ ಇದ್ದು ಇಳಿತ ಇಲ್ಲದ್ದು ಅಥವಾ ಇಳಿತ ಮಾತ್ರ ಇದ್ದದ್ದು, ಒಳಗೋ ಹೊರಗೋ? ಇವಕ್ಕೆಲ್ಲ ಉತ್ತರ ಕೊಟ್ಟ ಮೇಲೆ ನಮ್ಮ ನಿಯಮ ಹೀಗಾಯಿತು: ಸಂಖ್ಯೆಯಲ್ಲಿ ಕನಿಷ್ಠ ಮೂರು ಅಂಕಿ ಇರಬೇಕು. ಮೊದಲ ಅಂಕಿಯಿಂದ ಶಿಖರದ ಅಂಕಿಯವರೆಗೆ ಪ್ರತಿ ಅಂಕಿಯೂ ಹಿಂದಿನದಕ್ಕಿಂತ ದೊಡ್ಡದಿರಬೇಕು. ಶಿಖರದಿಂದ ಕೊನೆಯವರೆಗೆ ಪ್ರತಿ ಅಂಕಿಯೂ ಹಿಂದಿನದಕ್ಕಿಂತ ಚಿಕ್ಕದಿರಬೇಕು. ಶಿಖರದ ಎರಡೂ ಬದಿಗೆ ಒಂದಾದರೂ ಅಂಕಿ ಇರಬೇಕು. ಈಗ 12 ಹೊರಗೆ, 1221 ಹೊರಗೆ, 5 ಹೊರಗೆ. ಭದ್ರೆಯ 186 ಒಳಗೆ. ಲಿಂಗನಮಕ್ಕಿಯ 1819 ಇಳಿದು ಮತ್ತೆ ಏರುವುದರಿಂದ ಹೊರಗೆ.

ನಿಯಮ ಬಿಗಿಯಾಗಿದೆಯೇ ಎಂದು ತಿಳಿಯಲು ಅದನ್ನು ಗೊತ್ತಿಲ್ಲದವರ ಕೈಗೆ ಕೊಡಿ. ನೀವು ಬಾಯಿ ಬಿಡದೆ ಅವರು ನಿಮ್ಮ ಪಟ್ಟಿಯನ್ನೇ ಬರೆದರೆ ನಿಯಮ ಸರಿಯಿದೆ. ನಮ್ಮದು ಬಂದದ್ದು: 120, 121, 130, 131, 132, 140, 141, 142, 143, 150... ಒಂದರಿಂದ ಶುರುವಾಗುವ ಮೂರಂಕಿಯವು 198ಕ್ಕೆ ಮುಗಿಯುತ್ತವೆ, ಒಟ್ಟು 44. ನಲವತ್ತೈದನೆಯದು 230. ಮೂರಂಕಿಯವು ಒಟ್ಟು 240. ಇಂಥ ಎಣಿಕೆಗಳನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಡಿ, ಮುಂದೆ ಕಂಪ್ಯೂಟರಿನ ಲೆಕ್ಕ ಪರೀಕ್ಷಿಸಲು ಬೇಕಾಗುತ್ತದೆ.

ಘಾಟಿ ಸಂಖ್ಯೆ ಹೊಸ ಕಲ್ಪನೆ ಎಂದು ನಾವು ಹಿಗ್ಗುತ್ತಿದ್ದಾಗ ನನಗೆ ನೆನಪಾದದ್ದು ಮಹಾವೀರಾಚಾರ್ಯರು. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಗಣಿತಸಾರಸಂಗ್ರಹ ಬರೆದವರು. ಗುಣಾಕಾರ ಮಾಡಿದಾಗ ಹಾರದಂತೆ ಎರಡೂ ಕಡೆಯಿಂದ ಒಂದೇ ಆಗಿ ಕಾಣುವ ಉತ್ತರಗಳ ಮೇಲೆ ಅವರಿಗೆ ಪ್ರೀತಿ: 139 × 109 = 15151 ಅಂಥದ್ದು. ಒಂದರಿಂದ ಆರರವರೆಗೆ ಏರಿ, ಕ್ರಮವಾಗಿ ಇಳಿಯುವ ಸಂಖ್ಯೆ ಎಂದು ಅವರು ಹೇಳಿದ್ದೂ ಇದೆ. ಅದು 12345654321. ನಮ್ಮ ನಿಯಮಕ್ಕೆ ಅಕ್ಷರಶಃ ಒಗ್ಗುವ ಘಾಟಿ ಸಂಖ್ಯೆ, ಸಾವಿರದ ನೂರು ವರ್ಷಕ್ಕೂ ಹಿಂದಿನದು. 111111 ಅನ್ನು ಅದರಿಂದಲೇ ಗುಣಿಸಿದರೆ ಇದು ಬರುತ್ತದೆ. ಕಾಪ್ರೇಕರ್ ಅವರಿಗೂ 121, 12321, 1234321 ಎಂಬ ಈ ಸಾಲು ಪ್ರಿಯವಾಗಿತ್ತು. ಅದಕ್ಕೆ ಅವರು ಇಟ್ಟ ಹೆಸರು ಡೆಮ್ಲೋ ಸಂಖ್ಯೆ. ಆ ಕಲ್ಪನೆ ಹೊಳೆದದ್ದು ಮುಂಬೈ ಹತ್ತಿರದ ಡೆಮ್ಲೋ, ಅಂದರೆ ಈಗಿನ ಡೊಂಬಿವಲಿ, ರೈಲು ನಿಲ್ದಾಣದಲ್ಲಿ. ಊರಿನ ಹೆಸರು, ದಾರಿಯ ಹೆಸರು ಸಂಖ್ಯೆಗೆ ಇಡುವುದು ಹೊಸದಲ್ಲ ಎಂದು ತಿಳಿದು ಮಕ್ಕಳಿಗೆ ಬಲ ಬಂತು.

ಮುಗಿಯುತ್ತದೋ, ಮುಗಿಯುವುದಿಲ್ಲವೋ

ಶ್ರೇಣಿಯನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ ನನಗೆ ಇದೇ ದೊಡ್ಡದು. ಹರ್ಷದ ಸಂಖ್ಯೆಗಳು ಮುಗಿಯುವುದಿಲ್ಲ: 10, 100, 1000 ಎಲ್ಲದರ ಮೊತ್ತವೂ 1, ಎಲ್ಲವೂ ಹರ್ಷದ. ಒಂದು ಸಾಲಿನಲ್ಲಿ ಸಾಧನೆ ಮುಗಿಯಿತು. ಆದರೆ ಅಕ್ಕಪಕ್ಕದಲ್ಲಿ ಎಷ್ಟು ಹರ್ಷದ ಸಂಖ್ಯೆಗಳು ಬರಬಹುದು ಎಂದು ಕೇಳಿದರೆ ಆಳ ತಿಳಿಯುತ್ತದೆ. 510, 511, 512, 513 ನಾಲ್ಕೂ ಹರ್ಷದ. ಒಟ್ಟಿಗೆ 21 ಬರುವುದು ಅಸಾಧ್ಯ ಎಂದು ಕೂಪರ್ ಮತ್ತು ಕೆನಡಿ ಎಂಬ ಗಣಿತಜ್ಞರು 1993ರಲ್ಲಿ ಸಾಧಿಸಿದರು.

ಘಾಟಿ ಸಂಖ್ಯೆಗಳು ಮುಗಿಯುತ್ತವೆ. ಅಂಕಿಗಳು ಇರುವುದೇ ಹತ್ತು, ಏರುವಾಗ ಒಂದು ಅಂಕಿಯನ್ನು ಎರಡು ಸಲ ಬಳಸುವಂತಿಲ್ಲ, ಇಳಿಯುವಾಗಲೂ ಇಲ್ಲ. ಅತಿ ದೊಡ್ಡ ಘಾಟಿ 123456789876543210, ಹದಿನೆಂಟು ಅಂಕಿ. ಒಟ್ಟು ಎಷ್ಟಿವೆ ಎಂದು ಒಂದೊಂದನ್ನೂ ಬರೆಯದೆ ಎಣಿಸಬಹುದು. ಶಿಖರ 9 ಎಂದಿಟ್ಟುಕೊಳ್ಳಿ. ಎಡಗಡೆಗೆ 1ರಿಂದ 8ರವರೆಗಿನ ಅಂಕಿಗಳಲ್ಲಿ ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. ಎಂಟು ಸಲ ಎರಡೆರಡು ಆಯ್ಕೆ, ಅಂದರೆ 256. ಒಂದನ್ನೂ ತೆಗೆದುಕೊಳ್ಳದ ಒಂದು ಬಗೆಯನ್ನು ಕಳೆದರೆ 255. ಆರಿಸಿದ ಮೇಲೆ ಜೋಡಿಸುವ ಕ್ರಮ ಒಂದೇ. ಬಲಗಡೆಗೆ ಸೊನ್ನೆಯೂ ಸೇರಿ ಒಂಬತ್ತು ಅಂಕಿ, 512ರಲ್ಲಿ ಒಂದು ಕಳೆದು 511. ಗುಣಿಸಿದರೆ 1,30,305. ಶಿಖರ 2ರಿಂದ 8ರವರೆಗೆ ಹೀಗೇ ಮಾಡಿದರೆ 3, 21, 105, 465, 1953, 8001, 32385. ಎಲ್ಲ ಕೂಡಿಸಿದರೆ 1,73,238. ಶಿಖರ 2 ಇರುವ ಮೂರನ್ನು ಕೈಯಲ್ಲಿ ಬರೆದು ನೋಡಿ: 120, 121, 1210. ಬೇರೆ ಇಲ್ಲ. ಸೂತ್ರವನ್ನು ಹೀಗೆ ಚಿಕ್ಕ ಕಡೆಯಲ್ಲಿ ಮುಟ್ಟಿ ನೋಡದೆ ದೊಡ್ಡ ಉತ್ತರವನ್ನು ನಂಬಬೇಡಿ.

ಇನ್ನೊಂದು ಬಗೆಯ ಮುಗಿತಾಯ ಘನಗಳದ್ದು. ಅಂಕಿಗಳ ಘನಗಳ ಮೊತ್ತಕ್ಕೆ ತಾನೇ ಸಮವಾಗುವ ಸಂಖ್ಯೆಗಳು: 1 + 125 + 27 = 153. ಇವನ್ನು ಎಲ್ಲಿಯವರೆಗೆ ಹುಡುಕಬೇಕು? ಒಂಬತ್ತರ ಘನ 729. ಐದಂಕಿಯ ಸಂಖ್ಯೆಗೆ ಮೊತ್ತ ಹೆಚ್ಚೆಂದರೆ 3645, ಅದು ಐದಂಕಿಯೇ ಅಲ್ಲ. ಆದ್ದರಿಂದ ನಾಲ್ಕಂಕಿಯೊಳಗೆ, ಅದರಲ್ಲೂ 2916ರೊಳಗೆ ಹುಡುಕಿದರೆ ಸಾಕು. ಒಂದನ್ನು ಬಿಟ್ಟರೆ ಸಿಗುವುದು ನಾಲ್ಕೇ: 153, 370, 371, 407. ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಹಾರ್ಡಿ 1940ರಲ್ಲಿ ಇದೇ ನಾಲ್ಕನ್ನು ಹೆಸರಿಸಿ, ಇವು ಒಗಟಿನ ಅಂಕಣಕ್ಕೆ ತಕ್ಕವು, ಗಣಿತಜ್ಞರನ್ನು ಸೆಳೆಯುವಂಥದ್ದು ಇವುಗಳಲ್ಲಿ ಇಲ್ಲ ಎಂದು ಬರೆದರು. ಹಾರ್ಡಿ ದೊಡ್ಡವರು. ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ಹದಿನಾಲ್ಕು ವರ್ಷದ ಹುಡುಗನೊಬ್ಬ 'ಐದಂಕಿಯಲ್ಲಿ ಹುಡುಕುವುದೇ ಬೇಡ, ಮುಟ್ಟುವುದಿಲ್ಲ' ಎಂದು ತಾನಾಗಿ ಕಂಡುಕೊಂಡ ದಿನ ಅವನು ಮಾಡಿದ್ದು ನಿಜವಾದ ಗಣಿತವೇ. ಅನಂತ ಹುಡುಕಾಟವನ್ನು ಅವನು ಒಂದು ಪುಟಕ್ಕೆ ಇಳಿಸಿದ.

ಆಧಾರ ಬದಲಿಸಿ ನೋಡಿ

ಅಂಕಿಗಳ ಗುಣದಲ್ಲಿ ಎಷ್ಟು ಸಂಖ್ಯೆಯದು, ಎಷ್ಟು ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಬಂದದ್ದು? ಕನ್ನಡ ಅಂಕಿಯಲ್ಲಿ ಬರೆದರೆ ಏನೂ ಬದಲಾಗದು, ಏಕೆಂದರೆ ಅದೂ ಹತ್ತರದೇ. ಆಧಾರವನ್ನು, ಅಂದರೆ ಎಷ್ಟೆಷ್ಟರ ಗುಂಪು ಕಟ್ಟಿ ಎಣಿಸುತ್ತೇವೋ ಅದನ್ನು, ಬದಲಿಸಬೇಕು. ಹದಿನಾರಾಣೆಗೆ ರೂಪಾಯಿ ಎಣಿಸಿದ ಹಿರಿಯರಿಗೆ ಇದು ಬೇಗ ತಿಳಿಯುತ್ತದೆ. ಎಂಟರ ಆಧಾರದಲ್ಲಿ ಹನ್ನೆರಡನ್ನು ಒಂದು ಎಂಟು, ನಾಲ್ಕು ಬಿಡಿ, ಅಂದರೆ 14 ಎಂದು ಬರೆಯಬೇಕು. ಮೊತ್ತ 5, ಹನ್ನೆರಡು ಭಾಗವಾಗುವುದಿಲ್ಲ. ವಿಶೇಷವೆಂದರೆ ಹನ್ನೆರಡು ಸೋಲುವುದು ಎಂಟರಲ್ಲಿ ಮಾತ್ರ, ಉಳಿದೆಲ್ಲ ಆಧಾರಗಳಲ್ಲೂ ಅದು ಹರ್ಷದ. ಯಾವ ಆಧಾರದಲ್ಲಿ ಬರೆದರೂ ಹರ್ಷದವಾಗಿ ಉಳಿಯುವವು ನಾಲ್ಕೇ: 1, 2, 4, 6. ಘಾಟಿ ಸಂಖ್ಯೆಗಳು ಮೂರರ ಆಧಾರದಲ್ಲಿ ಮೂರೇ ಇವೆ, ಮೇಲೆ ಶಿಖರ 2ಕ್ಕೆ ಬರೆದ ಅವೇ ಮೂರು.

ಕಂಪ್ಯೂಟರಿಗೆ ಹೋಗುವ ಹೊತ್ತು

ಕೈಯಲ್ಲಿ ಇಪ್ಪತ್ತು ಪದವಾದರೂ ಬರೆದು, ಇನ್ನೊಬ್ಬರ ಪಟ್ಟಿಗೆ ಹೊಂದಿಸಿದ ಮೇಲೆಯೇ ಕಂಪ್ಯೂಟರ್ ತೆರೆಯಿರಿ. ಅಂಕಿಗಳನ್ನು ಬಿಡಿಸುವ ಬಗೆ ಎಲ್ಲ ಕಂಪ್ಯೂಟರ್ ಭಾಷೆಯಲ್ಲೂ ಒಂದೇ. 1819 ಅನ್ನು 10ರಿಂದ ಭಾಗಿಸಿ, ಶೇಷ 9, ಅದು ಕೊನೆಯ ಅಂಕಿ. ಭಾಗಲಬ್ಧ 181, ಅದರ ಶೇಷ 1. ಮುಂದೆ 18, ಶೇಷ 8. ಮುಂದೆ 1, ಶೇಷ 1. ಭಾಗಲಬ್ಧ 0 ಆದಾಗ ನಿಲ್ಲಿಸಿ. ಎಕ್ಸೆಲ್‌ನಲ್ಲೂ ಇದನ್ನು ಕಾಲಂಗಳಲ್ಲಿ ಮಾಡಬಹುದು, ಪೈಥಾನ್ ಕಲಿತ ಮಕ್ಕಳು ನಾಲ್ಕು ಸಾಲಿನಲ್ಲಿ ಮುಗಿಸುತ್ತಾರೆ. ಮೊದಲು ನಿಮ್ಮ ಕೈಪಟ್ಟಿಯ ಜೊತೆ ಹೋಲಿಸಿ. ಮೂರಂಕಿಯ ಘಾಟಿ 240 ಬರದಿದ್ದರೆ ಪ್ರೋಗ್ರಾಂ ತಪ್ಪು, ಮುಂದೆ ಓಡಿಸಬೇಡಿ.

ಎಲ್ಲ ಘಾಟಿಗಳೂ ಬೇಕೆಂದು 1ರಿಂದ ಹದಿನೆಂಟಂಕಿಯ ಆ ಅತಿ ದೊಡ್ಡ ಘಾಟಿಯವರೆಗೆ ಒಂದೊಂದೇ ಪರೀಕ್ಷಿಸಲು ಹೇಳಿದರೆ, ಸೆಕೆಂಡಿಗೆ ಒಂದು ಕೋಟಿ ನೋಡಿದರೂ ಸುಮಾರು 390 ವರ್ಷ ಹಿಡಿಯುತ್ತದೆ. ಹುಡುಕಬೇಡಿ, ಕಟ್ಟಿ. ಶಿಖರ ಆರಿಸಿ, ಎಡದ ಅಂಕಿಗಳನ್ನು ಆರಿಸಿ, ಬಲದವನ್ನು ಆರಿಸಿ, ಜೋಡಿಸಿ. ಒಂದೂಮುಕ್ಕಾಲು ಲಕ್ಷಕ್ಕಿಂತ ಕಡಿಮೆ ಕೆಲಸ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಕೊನೆಗೆ ಬರೆದದ್ದನ್ನು ಏರಿಕೆ ಕ್ರಮದಲ್ಲಿ ಇಡಲು ಮರೆಯಬೇಡಿ.

ಆಮೇಲೆ ಓಇಐಎಸ್ ನೋಡಿ, ಅದು ಸಂಖ್ಯಾ ಶ್ರೇಣಿಗಳ ಆನ್‌ಲೈನ್ ವಿಶ್ವಕೋಶ. ನೀಲ್ ಸ್ಲೋನ್ ಎಂಬ ಗಣಿತಜ್ಞರು 1964ರಲ್ಲಿ, ವಿದ್ಯಾರ್ಥಿಯಾಗಿದ್ದಾಗ ಶ್ರೇಣಿಗಳನ್ನು ಕೂಡಿಡಲು ಶುರುಮಾಡಿದರು. 1973ರಲ್ಲಿ ಪುಸ್ತಕವಾದಾಗ 2372 ಶ್ರೇಣಿಗಳಿದ್ದವು. 1996ರಿಂದ ಇಂಟರ್ನೆಟ್ಟಿನಲ್ಲಿದೆ, ಈಗ ಮೂರೂವರೆ ಲಕ್ಷ ದಾಟಿದೆ. ಹರ್ಷದ ಅಲ್ಲಿ ಎ005349, ಸ್ವಯಂಭೂ ಎ003052. ಹುಡುಕುವ ಪೆಟ್ಟಿಗೆಯಲ್ಲಿ ಅಲ್ಪವಿರಾಮ ಹಾಕಿ ಪದಗಳನ್ನು ಬರೆಯಬೇಕು. ಮೊದಲ ಪದಗಳಿಂದ ಹುಡುಕಬೇಡಿ: 1, 2, 3, 4, 5 ಎಂದು ಶುರುವಾಗುವವು ಸಾವಿರಾರಿವೆ. 12, 18, 20, 21, 24, 27, 30 ಎಂದು ನಡುವಿನಿಂದ ಕೊಡಿ. ಅಂಕಿಗಳನ್ನು, ಆಧಾರವನ್ನು ನಂಬಿದ ಶ್ರೇಣಿಗಳಿಗೆ ಅಲ್ಲಿ 'ಬೇಸ್' ಎಂಬ ಗುರುತು ಹಾಕಿರುತ್ತಾರೆ. ನಿಮ್ಮ ಶ್ರೇಣಿ ಅಲ್ಲಿ ಮೊದಲೇ ಇದ್ದರೆ ಒಳ್ಳೆಯದೇ. ನಿಮ್ಮ ಪದಗಳನ್ನು ಹೋಲಿಸಿ, ಕೆಳಗೆ ಬೇರೆಯವರು ಬರೆದ ಟಿಪ್ಪಣಿ ಓದಿ. ನೋಟ್‌ಬುಕ್ಕಿನಲ್ಲಿ ಮಾತ್ರ ನಿಯಮ, ತಾರೀಖು, ಯಾರು ಯಾರು ಲೆಕ್ಕ ಮಾಡಿದರು, ಎಲ್ಲಿಯವರೆಗೆ ಪರೀಕ್ಷಿಸಿದ್ದಾಯಿತು ಎಂಬ ನಾಲ್ಕನ್ನು ಪ್ರತಿ ಶ್ರೇಣಿಯ ತಲೆಯಲ್ಲಿ ಬರೆದಿಡಿ. ಮುಂದಿನ ಮಳೆಗಾಲಕ್ಕೆ ತೆರೆದಾಗ ಅದರ ಬೆಲೆ ತಿಳಿಯುತ್ತದೆ.

ಕೈ ಪಳಗಿದ ಮೇಲೆ ಎರಡು ನಿಯಮಗಳನ್ನು ಒಟ್ಟಿಗೆ ಹಾಕಿ. ಘಾಟಿಯೂ ಆಗಿರಬೇಕು, ಹರ್ಷದವೂ ಆಗಿರಬೇಕು. ನಾವು 198ರವರೆಗೆ ಮಾಡಿದ್ದೇವೆ, ಹದಿಮೂರು ಸಿಕ್ಕಿವೆ: 120, 132, 140, 150, 152, 153, 162, 171, 180, 190, 192, 195, 198. ಭದ್ರೆಯ 186 ಘಾಟಿಯಾದರೂ ಮೊತ್ತ 15, ಭಾಗವಾಗದೆ ಹೊರಗುಳಿಯಿತು. ಮುಂದಿನ ಘಾಟಿ 230. ಅದರ ಮೊತ್ತ 5, ಐದು ನಲವತ್ತಾರಲಿ 230, ಸೇರಿತು. 231ರ ಮೊತ್ತ 6, ಶೇಷ 3, ಬಿಟ್ಟಿತು. 232ರಿಂದ ನೀವು ಹಿಡಿಯಿರಿ.